ದಂತ ಇಂಪ್ಲಾಂಟ್: ಮೇಲ್ಮೈ ಸಂಸ್ಕರಣೆ ಮತ್ತು ಸ್ಥಿರತೆ

ದಂತ ಇಂಪ್ಲಾಂಟ್ ಎಂದರೆ ಕಳೆದುಹೋದ ಹಲ್ಲಿನ ಬೇರಿಗೆ ಬದಲಾಗಿ ದವಡೆ ಮೂಳೆಯೊಳಗೆ ಕೂರಿಸುವ ಪುಟ್ಟ ಸ್ಕ್ರೂ. ಸಾಮಾನ್ಯವಾಗಿ ಟೈಟಾನಿಯಂನಿಂದ ಮಾಡುವ ಈ ಸ್ಕ್ರೂ ಮೂಳೆಯೊಂದಿಗೆ ಬೆಸೆದುಕೊಂಡ ಮೇಲೆ ಅದರ ತಲೆಗೆ ಕೃತಕ ಹಲ್ಲನ್ನು ಜೋಡಿಸುತ್ತಾರೆ. ಲೇತ್‌ನಲ್ಲಿ ಕಡೆದು ತೆಗೆದ ಸ್ಕ್ರೂವಿನ ಮೈ ಬರಿಗಣ್ಣಿಗೆ ನುಣುಪಾಗಿ, ಹೊಳೆಯುವಂತೆ ಕಾಣುತ್ತದೆ. ಆ ಮೈಯನ್ನು ಗಟ್ಟಿ ಕಣಗಳ ಹೊಡೆತದಿಂದ, ಆಮ್ಲದಿಂದ, ವಿದ್ಯುತ್ತಿನಿಂದ, ಲೇಸರ್‌ನಿಂದ ಅಥವಾ ಲೇಪನದಿಂದ ಬದಲಿಸುವ ಕೆಲಸಕ್ಕೆ ಮೇಲ್ಮೈ ಸಂಸ್ಕರಣೆ ಎಂದು ಹೆಸರು.

ನುಣುಪಾದ ಕಾಂಕ್ರೀಟ್ ಕಂಬಕ್ಕೆ ಗಿಲಾವು ಮಾಡುವ ಮೊದಲು ಗಾರೆಯವರು ಅದರ ಮೈಗೆ ಉಳಿಯಿಂದ ಕಚ್ಚು ಹೊಡೆದು, ನೀರು ಹಾಕಿ ತೋಯಿಸುತ್ತಾರೆ. ಕಚ್ಚಿಲ್ಲದಿದ್ದರೆ ಗಾರೆ ಹಿಡಿಯದು, ತೇವವಿಲ್ಲದಿದ್ದರೆ ಕೂರದು. ಇಂಪ್ಲಾಂಟಿನ ಮೇಲ್ಮೈ ವಿಜ್ಞಾನವೂ ಸುಮಾರು ಐದು ದಶಕಗಳಲ್ಲಿ ಈ ಎರಡು ಹೆಜ್ಜೆಗಳನ್ನೇ ಇಟ್ಟಿದೆ: ಮೊದಲು ಒರಟು, ಆಮೇಲೆ ತೇವ. ಸಂಸ್ಕರಣೆಯ ಮುಖ್ಯ ಪರಿಣಾಮ ಇಂಪ್ಲಾಂಟ್ ಕೂರಿಸಿದ ದಿನದ ಬಿಗಿಯ ಮೇಲಲ್ಲ, ಮುಂದಿನ ವಾರಗಳಲ್ಲಿ ಮೂಳೆ ಬಂದು ಅದನ್ನು ಹಿಡಿದುಕೊಳ್ಳುವ ವೇಗದ ಮೇಲೆ ಕಾಣುತ್ತದೆ.

ಎರಡು ಬಗೆಯ ಸ್ಥಿರತೆ

ಇಂಪ್ಲಾಂಟ್ ಕೂರಿಸಿದ ಕ್ಷಣದಲ್ಲಿ ಸಿಗುವ ಬಿಗಿಗೆ ಪ್ರಾಥಮಿಕ ಸ್ಥಿರತೆ ಎನ್ನುತ್ತಾರೆ. ಕೊರೆದ ತೂತು ಸ್ಕ್ರೂವಿಗಿಂತ ತುಸು ಕಿರಿದಾಗಿರುತ್ತದೆ. ಸ್ಕ್ರೂ ಮೂಳೆಯನ್ನು ಒತ್ತಿಕೊಂಡು, ಥ್ರೆಡ್‌ಗಳಿಂದ ಕಚ್ಚಿಕೊಂಡು ಒಳಗೆ ಇಳಿಯುತ್ತದೆ. ಇದು ಬರೀ ಯಾಂತ್ರಿಕ ಹಿಡಿತ. ತೇಗದ ಹಲಗೆಗೆ ಹಾಕಿದ ಸ್ಕ್ರೂವಿಗೂ ಮೆದು ಮರಕ್ಕೆ ಹಾಕಿದ ಸ್ಕ್ರೂವಿಗೂ ಎಷ್ಟು ಅಂತರವೋ ಇಲ್ಲಿಯೂ ಅಷ್ಟೇ ಅಂತರ. ಲೆಖೋಮ್ ಮತ್ತು ಜಾರ್ಬ್ 1985ರಲ್ಲಿ ದವಡೆ ಮೂಳೆಯನ್ನು ಗಟ್ಟಿತನದ ಮೇಲೆ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಕೆಳದವಡೆಯ ಮುಂಭಾಗದಲ್ಲಿ ಗಟ್ಟಿಯಾದ ಮೂಳೆ ಸಿಗುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ತೆಳುವಾದ ಚಿಪ್ಪಿನೊಳಗೆ ಸ್ಪಂಜಿನಂಥ ಮೂಳೆ ತುಂಬಿರುವ ನಾಲ್ಕನೆಯ ವರ್ಗ ಹೆಚ್ಚು.

ಪ್ರಾಥಮಿಕ ಹಿಡಿತ ಹಾಗೆಯೇ ಉಳಿಯುವುದಿಲ್ಲ. ಕೊರೆಯುವಾಗ ನೊಂದ, ಸ್ಕ್ರೂವಿನ ಒತ್ತಡಕ್ಕೆ ಸಿಕ್ಕ ಮೂಳೆಯನ್ನು ದೇಹ ಕರಗಿಸಿ ತೆಗೆದುಹಾಕುತ್ತದೆ. ಆ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹುಟ್ಟುವ ಜೈವಿಕ ಹಿಡಿತವೇ ದ್ವಿತೀಯಕ ಸ್ಥಿರತೆ. ಹಳೆಯ ಹಿಡಿತ ಇಳಿಯುತ್ತ, ಹೊಸದು ಏರುತ್ತ ಬರುವ ನಡುವೆ ಒಟ್ಟು ಸ್ಥಿರತೆ ಕುಸಿಯುವ ಒಂದು ತಗ್ಗು ಬರುತ್ತದೆ. ಸಾಮಾನ್ಯವಾಗಿ ಅದು ಕಾಣುವುದು ಎರಡರಿಂದ ನಾಲ್ಕನೆಯ ವಾರದ ಆಸುಪಾಸಿನಲ್ಲಿ. ಈ ಅವಧಿಯಲ್ಲಿ ಅಗಿಯುವ ಒತ್ತಡಕ್ಕೆ ಇಂಪ್ಲಾಂಟ್ ಸುಮಾರು 50ರಿಂದ 150 ಮೈಕ್ರೋಮೀಟರ್ ಮಿತಿಯನ್ನು ಮೀರಿ ಅಲುಗಾಡಿದರೆ ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು ಸ್ಕ್ರೂ ಸಡಿಲವಾಗುವ ಸಂಭವವಿದೆ. ಈ ತಗ್ಗಿನ ಆಳವನ್ನೂ ಅಗಲವನ್ನೂ ಕಡಿಮೆ ಮಾಡುವುದು ಮೇಲ್ಮೈ ಸಂಸ್ಕರಣೆಯ ಗುರಿ.

ಇತಿಹಾಸ

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ (1929–2014) 1952ರ ಹೊತ್ತಿಗೆ ಲುಂಡ್‌ನಲ್ಲಿ ಮೂಳೆಯೊಳಗಿನ ರಕ್ತಸಂಚಾರವನ್ನು ಸೂಕ್ಷ್ಮದರ್ಶಕದಿಂದ ನೋಡಲು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಚೇಂಬರ್‌ಗಳನ್ನು ಅಳವಡಿಸಿದ್ದರು. ಪ್ರಯೋಗ ಮುಗಿದ ಮೇಲೆ ಆ ದುಬಾರಿ ಚೇಂಬರ್‌ಗಳನ್ನು ಬಿಡಿಸಿಕೊಳ್ಳಲು ಹೋದರೆ ಬರಲಿಲ್ಲ. ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದಿತ್ತು. ಈ ಬೆಸುಗೆಗೆ ಮುಂದೆ ಅವರು ಆಸಿಯೊಇಂಟಿಗ್ರೇಷನ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ಮೂಳೆಬೆಸುಗೆ ಎನ್ನಬಹುದು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿಗೆ ಅವರು ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರ ಈ ಚಿಕಿತ್ಸೆಗೆ ಉತ್ತರ ಅಮೆರಿಕದ ವೈದ್ಯರ ಮನ್ನಣೆ ದೊರೆಯಿತು.

ಬ್ರೋನೆಮಾರ್ಕ್ ಇಂಪ್ಲಾಂಟಿನ ಮೈ ಲೇತ್‌ನಲ್ಲಿ ಕಡೆದದ್ದು, ಬೇರೆ ಸಂಸ್ಕಾರವಿಲ್ಲದ್ದು. ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳು ಅದರ ಮೇಲೆ ಭಾರ ಹಾಕದೆ ಕಾಯಬೇಕಿತ್ತು. ಗಟ್ಟಿ ಮೂಳೆಯಲ್ಲಿ ಅದು ಚೆನ್ನಾಗಿಯೇ ನಿಂತಿತು. ಮೆದು ಮೂಳೆಯಲ್ಲಿ ಮಾತ್ರ ಎಡವಿತು. ಜಾಫಿನ್ ಮತ್ತು ಬರ್ಮನ್ 1991ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೊದಲ ಮೂರು ವರ್ಗದ ಮೂಳೆಗಳಲ್ಲಿ ಶೇ. 3ರಷ್ಟು ಇಂಪ್ಲಾಂಟ್‌ಗಳು ವಿಫಲವಾಗಿದ್ದರೆ ನಾಲ್ಕನೆಯ ವರ್ಗದಲ್ಲಿ ಶೇ. 35ರಷ್ಟು ವಿಫಲವಾಗಿದ್ದವು. ಒರಟು ಮೇಲ್ಮೈಯ ಅಗತ್ಯ ಎದ್ದು ಕಂಡದ್ದು ಇಂಥ ಕಡೆಯಲ್ಲೇ.

ಒರಟುತನದ ದಾರಿಯನ್ನು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಆಂಡ್ರೆ ಶ್ರೋಡರ್ ಮತ್ತು ಸಂಗಡಿಗರು 1970ರ ದಶಕದಲ್ಲೇ ತುಳಿದಿದ್ದರು. ಕರಗಿದ ಟೈಟಾನಿಯಂ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಿಂದ ಇಂಪ್ಲಾಂಟಿನ ಮೇಲೆ ಎರಚಿ ಅವರು ದಪ್ಪ, ಗಂಟುಗಂಟಾದ ಪದರ ಮಾಡಿದರು. ಲಂಬ ಸೀಳಿನಲ್ಲಿ ಮೂಳೆ ಮತ್ತು ಲೋಹವನ್ನು ಒಟ್ಟಿಗೇ ಕತ್ತರಿಸಿ ನೋಡುವ ತಂತ್ರ ಬಂದ ಮೇಲೆ ನಡುವೆ ನಾರಿನ ಪದರವಿಲ್ಲ ಎನ್ನುವುದು ಕಣ್ಣಿಗೇ ಕಂಡಿತು.

1991ರಲ್ಲಿ ಡೇನಿಯಲ್ ಬ್ಯೂಸರ್ ತಂಡ ಕಿರುಹಂದಿಗಳ ಮೂಳೆಯಲ್ಲಿ ಆರು ಬಗೆಯ ಮೇಲ್ಮೈಗಳನ್ನು ಹೋಲಿಸಿತು. ಇಂಪ್ಲಾಂಟಿನ ಮೈಯಲ್ಲಿ ಶೇಕಡ ಎಷ್ಟು ಭಾಗಕ್ಕೆ ಮೂಳೆ ನೇರವಾಗಿ ತಗುಲಿದೆ ಎನ್ನುವುದೇ ಅಳತೆ. ವಿದ್ಯುತ್ತಿನಿಂದ ನಯಗೊಳಿಸಿದ ಮೈಗೆ ಶೇ. 20–25, ಪ್ಲಾಸ್ಮಾ ಎರಚಿದ್ದಕ್ಕೆ ಶೇ. 30–40, ದಪ್ಪ ಕಣ ಸಿಡಿಸಿ ಆಮ್ಲದಲ್ಲಿ ಕೊರೆದದ್ದಕ್ಕೆ ಶೇ. 50–60 ಮೂಳೆ ತಗುಲಿತ್ತು. ಹೈಡ್ರಾಕ್ಸಿಅಪಟೈಟ್ ಲೇಪನದಲ್ಲಿ ಶೇ. 60–70 ಇದ್ದರೂ ಲೇಪನವೇ ಕರಗುತ್ತಿರುವ ಗುರುತುಗಳಿದ್ದವು. ಕಣ ಸಿಡಿತ, ಆಮ್ಲ ಎರಡೂ ಸೇರಿದ ಮೇಲ್ಮೈ ಎಸ್‌ಎಲ್‌ಎ ಎಂಬ ಹೆಸರಿನಿಂದ 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂತು.

ಮೂಳೆ ಮೈಗೆ ಬರುವ ಬಗೆ

ಟೈಟಾನಿಯಂ ಗಾಳಿಗೆ ಸೋಕಿದೊಡನೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಅದರ ಮೇಲೆ ಕೂರುತ್ತದೆ. ದೇಹದ ಸಂಪರ್ಕಕ್ಕೆ ಬರುವುದು ಈ ಪದರವೇ ಹೊರತು ಶುದ್ಧ ಲೋಹವಲ್ಲ. ಇಂಪ್ಲಾಂಟ್ ಇಳಿದ ಕ್ಷಣಗಳಲ್ಲಿ ರಕ್ತದ ಪ್ರೋಟೀನುಗಳು ಇದಕ್ಕೆ ಅಂಟುತ್ತವೆ, ನಂತರ ರಕ್ತ ಹೆಪ್ಪುಗಟ್ಟಿ ಫೈಬ್ರಿನ್ ಎಳೆಗಳ ಬಲೆ ಕಟ್ಟುತ್ತದೆ. ಮೂಳೆ ಕಟ್ಟುವ ಕೋಶಗಳು ಆ ಎಳೆಗಳ ಮೇಲೆ ನಡೆದು ಬರುತ್ತವೆ. ಕೋಶ ಸಾಗುವಾಗ ಎಳೆಯನ್ನು ಜಗ್ಗುತ್ತದೆ. ನುಣುಪು ಮೈಯಿಂದ ಎಳೆ ಕಳಚಿಕೊಳ್ಳುವುದು ಸುಲಭ, ಒರಟು ಮೈಗೆ ಅದು ಸಿಕ್ಕಿಕೊಂಡು ನಿಲ್ಲುತ್ತದೆ.

ಇದರಿಂದ ಮೂಳೆ ಬೆಳೆಯುವ ದಿಕ್ಕೇ ಬದಲಾಗುತ್ತದೆ. ನುಣುಪು ಮೈಯ ಸುತ್ತ ಹೊಸ ಮೂಳೆ ಮುಖ್ಯವಾಗಿ ತೂತಿನ ಗೋಡೆಯಿಂದ ಹೊರಟು ಇಂಪ್ಲಾಂಟಿನ ಕಡೆಗೆ ನಿಧಾನವಾಗಿ ಬರುತ್ತದೆ. ಇದು ದೂರದಿಂದ ಬರುವ ಬೆಳವಣಿಗೆ. ಒರಟು ಮೈಯಲ್ಲಾದರೆ ಇಂಪ್ಲಾಂಟಿನ ಮೇಲೂ ನೇರವಾಗಿ ಮೂಳೆ ಹುಟ್ಟುತ್ತದೆ. ಇದು ಸಂಪರ್ಕದಿಂದ ಆಗುವ ಬೆಳವಣಿಗೆ. ಕಂದಕವನ್ನು ಎರಡೂ ಕಡೆಯಿಂದ ತುಂಬಿಸಿದ ಹಾಗೆ ನಡುವಿನ ಸಂದು ಬೇಗ ಮುಚ್ಚುತ್ತದೆ. ಮೊದಲು ಬರುವುದು ಅಡ್ಡಾದಿಡ್ಡಿ ಹೆಣಿಗೆಯ ಅವಸರದ ಮೂಳೆ. ಮುಂದಿನ ವಾರಗಳಲ್ಲಿ ಅದು ಪದರಪದರವಾದ ಗಟ್ಟಿ ಮೂಳೆಗೆ ಜಾಗ ಬಿಡುತ್ತದೆ.

ಒರಟುತನದ ಅಳತೆ

ಮೇಲ್ಮೈಯ ಉಬ್ಬುತಗ್ಗುಗಳ ಸರಾಸರಿ ಎತ್ತರವನ್ನು ಎಸ್‌ಎ ಎಂಬ ಮಾನದಲ್ಲಿ ಹೇಳುತ್ತಾರೆ. ಸ್ವೀಡನ್ನಿನ ತೊಮಾಸ್ ಆಲ್ಬ್ರೆಕ್ಟ್‌ಸನ್ ಮತ್ತು ಆನ್ ವೆನ್ನರ್‌ಬರ್ಗ್ ಅವರ ವಿಂಗಡಣೆ ಹೀಗಿದೆ: 0.5 ಮೈಕ್ರೋಮೀಟರಿಗಿಂತ ಕಡಿಮೆ ಇದ್ದರೆ ನುಣುಪು, 0.5ರಿಂದ 1 ಇದ್ದರೆ ಅಲ್ಪ ಒರಟು, 1ರಿಂದ 2 ಇದ್ದರೆ ಮಧ್ಯಮ ಒರಟು, 2ಕ್ಕಿಂತ ಹೆಚ್ಚಿದ್ದರೆ ಒರಟು. ಬ್ರೋನೆಮಾರ್ಕ್ ಇಂಪ್ಲಾಂಟ್ ಅಲ್ಪ ಒರಟಿನ ವರ್ಗಕ್ಕೆ, ಪ್ಲಾಸ್ಮಾ ಎರಚಿದ್ದು ಕೊನೆಯ ವರ್ಗಕ್ಕೆ ಸೇರುತ್ತವೆ. ಮೂಳೆ ಚೆನ್ನಾಗಿ ಒಪ್ಪಿಕೊಳ್ಳುವುದು ಮಧ್ಯಮ ಒರಟನ್ನು. ಒರಟು ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ ಎಂಬ ಎಣಿಕೆ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ಇಂದು ಮಾರುಕಟ್ಟೆಯಲ್ಲಿರುವ ಇಂಪ್ಲಾಂಟ್‌ಗಳಲ್ಲಿ ಬಹುಪಾಲು ಮಧ್ಯಮ ಒರಟಿನವೇ.

ಸಂಸ್ಕರಣೆಯ ವಿಧಾನಗಳು

ಕಣ ಸಿಡಿತ: ಅಲ್ಯೂಮಿನಾ, ಟೈಟಾನಿಯಂ ಡೈಆಕ್ಸೈಡ್ ಅಥವಾ ಕ್ಯಾಲ್ಸಿಯಂ ಫಾಸ್ಫೇಟ್‌ನ ಕಣಗಳನ್ನು ಒತ್ತಡದ ಗಾಳಿಯಲ್ಲಿ ಇಂಪ್ಲಾಂಟಿಗೆ ರಾಚುತ್ತಾರೆ. ಅಲ್ಯೂಮಿನಾ ಗಟ್ಟಿ, ಅಗ್ಗ. ಆದರೆ ಅದರ ಚೂರುಗಳು ಲೋಹದಲ್ಲಿ ಹೂತು ಉಳಿಯುತ್ತವೆ. ಟೈಟಾನಿಯಂ ಡೈಆಕ್ಸೈಡ್ ಬಳಸಿದರೆ ಪರಕೀಯ ವಸ್ತು ಸೇರುವ ಚಿಂತೆಯಿಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಉಳಿದರೂ ಕರಗಿಹೋಗುತ್ತದೆ.

ಆಮ್ಲ ಕೊರೆತ: ಹೈಡ್ರೋಕ್ಲೋರಿಕ್ ಮತ್ತು ಗಂಧಕಾಮ್ಲಗಳ ಬಿಸಿ ಮಿಶ್ರಣದಲ್ಲಿ ಅದ್ದಿದಾಗ ಮೈತುಂಬ ಸಣ್ಣ ಗುಳಿಗಳು ಮೂಡುತ್ತವೆ. 1990ರ ದಶಕದ ನಡುಭಾಗದಲ್ಲಿ ಬಂದ ಆಸಿಯೊಟೈಟ್ ಈ ವಿಧಾನದ್ದು.

ಎರಡರ ಜೋಡಣೆ: ಎಸ್‌ಎಲ್‌ಎ ಮೇಲ್ಮೈಗೆ 0.25ರಿಂದ 0.5 ಮಿಲಿಮೀಟರ್ ಗಾತ್ರದ ಅಲ್ಯೂಮಿನಾ ಕಣ ಸಿಡಿಸಿ, ಆಮೇಲೆ ಆಮ್ಲದಲ್ಲಿ ಕೊರೆಯುತ್ತಾರೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇದು ಗುಡ್ಡಗಾಡಿನಂತೆ ಕಾಣುತ್ತದೆ. ಕಣದ ಹೊಡೆತಕ್ಕೆ 20–40 ಮೈಕ್ರೋಮೀಟರ್ ಅಗಲದ ಬಟ್ಟಲುಗಳು ಬಿದ್ದಿರುತ್ತವೆ. ಒಂದೊಂದು ಬಟ್ಟಲಿನ ಒಳಗೋಡೆಯ ತುಂಬ ಆಮ್ಲ ಕೊರೆದ 2–4 ಮೈಕ್ರೋಮೀಟರಿನ ಚೂಪು ಅಂಚಿನ ಗುಳಿಗಳು ಒತ್ತೊತ್ತಾಗಿರುತ್ತವೆ. ದೊಡ್ಡ ಬಟ್ಟಲಿನಲ್ಲಿ ಒಂದು ಕೋಶ ಆರಾಮವಾಗಿ ಕೂರಬಹುದು. ಅದರ ಅಂಚುಗಳಿಗೆ ಆಸರೆ ಕೊಡುವುದು ಸಣ್ಣ ಗುಳಿಗಳು.

ಆನೋಡೀಕರಣ: ಇಂಪ್ಲಾಂಟನ್ನು ವಿದ್ಯುದ್ವಿಭಾಜ್ಯ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದರೆ ಆಕ್ಸೈಡ್ ಪದರ ನ್ಯಾನೊಮೀಟರುಗಳಿಂದ ಮೈಕ್ರೋಮೀಟರುಗಳಿಗೆ ದಪ್ಪವಾಗಿ, ಜ್ವಾಲಾಮುಖಿಯ ಬಾಯಿಯಂಥ ರಂಧ್ರಗಳು ಮೂಡುತ್ತವೆ. 2000ದ ಹೊತ್ತಿಗೆ ಬಂದ ಟೈಯುನೈಟ್ ಇದರ ಪ್ರಸಿದ್ಧ ಉದಾಹರಣೆ.

ಹೈಡ್ರಾಕ್ಸಿಅಪಟೈಟ್ ಲೇಪನ: ಮೂಳೆಯ ಖನಿಜವನ್ನೇ ಹೋಲುವ ಈ ವಸ್ತುವನ್ನು 1980ರ ದಶಕದಲ್ಲಿ ಪ್ಲಾಸ್ಮಾದಿಂದ ದಪ್ಪವಾಗಿ ಹಚ್ಚುತ್ತಿದ್ದರು. ಮೂಳೆ ಲೇಪನವನ್ನು ಬೇಗ ಹಿಡಿಯುತ್ತಿತ್ತು, ಲೇಪನ ಮಾತ್ರ ಲೋಹವನ್ನು ಬಿಡುತ್ತಿತ್ತು. ಪದರ ಕಳಚಿದ, ಕರಗಿದ ಪ್ರಸಂಗಗಳಿಂದ ದಪ್ಪ ಲೇಪನ ಹಿಂದೆ ಸರಿಯಿತು. ಈಗಿನ ಪ್ರಯತ್ನ ನ್ಯಾನೊ ಗಾತ್ರದ ಹರಳುಗಳನ್ನು ಅಲ್ಲಲ್ಲಿ ಕೂರಿಸುವುದು.

ಇತರ ವಿಧಾನಗಳು: ಕಣ ಸಿಡಿಸಿದ ಮೈಯನ್ನು ದುರ್ಬಲ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ ಫ್ಲೋರೈಡ್ ಸೇರಿಸುವ ಆಸಿಯೊಸ್ಪೀಡ್ 2004ರಲ್ಲಿ ಬಂತು. ಲೇಸರ್‌ನಿಂದ ಇಂಪ್ಲಾಂಟಿನ ಕತ್ತಿನ ಸುತ್ತ ಮೈಕ್ರೋಮೀಟರ್ ಅಳತೆಯ ಗೆರೆಗಳನ್ನು ಕೊರೆಯುವುದುಂಟು. ಜಿರ್ಕೋನಿಯಾ ಎಂಬ ಸೆರಾಮಿಕ್‌ನ ಇಂಪ್ಲಾಂಟ್‌ಗಳಿಗೂ ಕಣ ಸಿಡಿತ, ಆಮ್ಲ ಕೊರೆತಗಳನ್ನು ಹೊಂದಿಸಿಕೊಂಡಿದ್ದಾರೆ.

ತೇವದ ಗುಣ

ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಾಗಿ ಉರುಳುತ್ತದೆ. ಹೊಸ ಮಣ್ಣಿನ ಮಡಕೆಯ ಮೇಲೆ ಬಿದ್ದದ್ದು ಹರಡಿ ಇಂಗುತ್ತದೆ. ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನದಿಂದ ಈ ಗುಣವನ್ನು ಅಳೆಯುತ್ತಾರೆ. ಆಗಷ್ಟೇ ಆಮ್ಲದಿಂದ ಹೊರಬಂದ ಟೈಟಾನಿಯಂ ನೀರನ್ನು ಬಯಸುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲದ ಸಂಯುಕ್ತಗಳು ಮೈಗೆ ಅಂಟಿ, ಡಬ್ಬಿಯಲ್ಲಿ ಒಣಗಿ ಕೂತ ಎಸ್‌ಎಲ್‌ಎ ಕೆಸುವಿನೆಲೆಯಂತಾಗುತ್ತದೆ. ಅದರ ಸಂಪರ್ಕಕೋನ ಸುಮಾರು 140 ಡಿಗ್ರಿ. ಇದೇ ಮೇಲ್ಮೈಯನ್ನು ನೈಟ್ರೋಜನ್ ರಕ್ಷಣೆಯಲ್ಲಿ ತೊಳೆದು, ಗಾಳಿಗೆ ಒಡ್ಡದೆ ಲವಣದ್ರಾವಣದಲ್ಲಿ ಮುಳುಗಿಸಿಟ್ಟರೆ ಕೋನ ಸೊನ್ನೆ. ಎಸ್‌ಎಲ್‌ಆಕ್ಟಿವ್ ಎಂಬ ಈ ರೂಪ 2005ರಲ್ಲಿ ಬಂತು.

ಚಿಕಿತ್ಸೆಯ ಕುರ್ಚಿಯ ಬಳಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ದ್ರಾವಣದಿಂದ ಹೊರತೆಗೆದ ಸ್ಕ್ರೂವಿನ ತುದಿ ತೂತಿನಲ್ಲಿ ನಿಂತ ರಕ್ತಕ್ಕೆ ತಾಗಿದೊಡನೆ, ದೀಪದ ಬತ್ತಿಗೆ ಎಣ್ಣೆ ಏರಿದಂತೆ ಕೆಂಪು ಥ್ರೆಡ್‌ನಿಂದ ಥ್ರೆಡ್‌ಗೆ ಏರುತ್ತದೆ. ಒಣ ಮೈಯ ಸ್ಕ್ರೂ ಅದೇ ರಕ್ತದಲ್ಲಿ ಇಳಿದರೂ ಬೂದು ಬಣ್ಣದ ತೇಪೆಗಳು ಉಳಿಯುತ್ತವೆ.

ಬ್ಯೂಸರ್ ತಂಡ 2004ರಲ್ಲಿ ಪ್ರಕಟಿಸಿದ ಕಿರುಹಂದಿಗಳ ಅಧ್ಯಯನದಲ್ಲಿ ಎರಡು ವಾರಕ್ಕೆ ಮೂಳೆ ಸಂಪರ್ಕ ತೇವದ ಮೈಯಲ್ಲಿ ಶೇ. 49, ಒಣ ಎಸ್‌ಎಲ್‌ಎಯಲ್ಲಿ ಶೇ. 29 ಇತ್ತು, ನಾಲ್ಕು ವಾರಕ್ಕೆ ಶೇ. 82 ಮತ್ತು ಶೇ. 67. ಎಂಟು ವಾರಕ್ಕೆ ಎರಡೂ ಸಮನಾದವು. ಮೇಲ್ಮೈಯ ಕೊಡುಗೆ ಸಮಯ ಎನ್ನುವುದಕ್ಕೆ ಇಷ್ಟು ನೇರವಾದ ಸಾಕ್ಷಿ ಮತ್ತೊಂದು ಸಿಗುವುದು ಕಷ್ಟ. ಹಳತಾದ ಮೈಯನ್ನು ಅತಿನೇರಳೆ ಬೆಳಕಿಗೆ ಒಡ್ಡಿ ಇಂಗಾಲವನ್ನು ಕಳೆದು ಮತ್ತೆ ತೇವಪ್ರಿಯವಾಗಿಸುವ ವಿಧಾನವನ್ನು ಲಾಸ್ ಏಂಜಲೀಸ್‌ನಲ್ಲಿ ತಕಾಹಿರೊ ಒಗಾವಾ ತಂಡ ಬೆಳೆಸಿದೆ. ಇಲಿಗಳಲ್ಲಿ ಅದರ ಫಲಿತಾಂಶ ಬಹಳ ಚೆನ್ನಾಗಿ ಬಂದಿದೆ.

ಸ್ಥಿರತೆಯನ್ನು ಅಳೆಯುವ ಬಗೆ

ಕೂರಿಸುವಾಗ ಎದುರಾಗುವ ತಿರುಚು ಬಲ ಪ್ರಾಥಮಿಕ ಸ್ಥಿರತೆಯ ನೇರ ಅಂದಾಜು. ತಕ್ಷಣ ಹಲ್ಲು ಜೋಡಿಸಬೇಕಾದರೆ ಸಾಮಾನ್ಯವಾಗಿ 30–35 ನ್ಯೂಟನ್ ಸೆಂಟಿಮೀಟರ್ ಬೇಕೆನ್ನುತ್ತಾರೆ. ಒರಟು ಮೈಯಿಂದ ಘರ್ಷಣೆ ತುಸು ಹೆಚ್ಚಬಹುದಾದರೂ ಈ ಬಲವನ್ನು ನಿರ್ಧರಿಸುವುದು ಮುಖ್ಯವಾಗಿ ಮೂಳೆಯ ಗಟ್ಟಿತನ, ತೂತಿನ ಅಳತೆ, ಥ್ರೆಡ್‌ನ ಆಕಾರ. ಬೆಸೆದ ಇಂಪ್ಲಾಂಟನ್ನು ತಿರುಗಿಸಿ ಬಿಡಿಸಲು ಬೇಕಾದ ಬಲ ದ್ವಿತೀಯಕ ಸ್ಥಿರತೆಯ ಗಟ್ಟಿ ಅಳತೆ. ಅದನ್ನು ಪ್ರಾಣಿಪ್ರಯೋಗಗಳಲ್ಲಷ್ಟೇ ಪೂರ್ತಿಯಾಗಿ ನೋಡಲು ಸಾಧ್ಯ. ಕಿರುಹಂದಿಗಳ ಮೇಲ್ದವಡೆಯಲ್ಲಿ ಮೂರು ತಿಂಗಳವರೆಗೆ ಎಸ್‌ಎಲ್‌ಎ ಇಂಪ್ಲಾಂಟ್ ಬಿಡಿಸಲು ಬೇಕಾದ ಬಲ, ಬರೀ ಆಮ್ಲದಲ್ಲಿ ಕೊರೆದದ್ದಕ್ಕಿಂತ ಶೇ. 75ರಿಂದ 125ರಷ್ಟು ಹೆಚ್ಚಿತ್ತು.

ರೋಗಿಗಳಲ್ಲಿ ಬಳಸುವುದು ಅನುರಣನ ಆವೃತ್ತಿಯ ಪರೀಕ್ಷೆ. ಇದನ್ನು ನೀಲ್ ಮೆರೆಡಿತ್ 1990ರ ದಶಕದಲ್ಲಿ ರೂಪಿಸಿದರು. ಇಂಪ್ಲಾಂಟಿನ ತಲೆಗೆ ಅಯಸ್ಕಾಂತವಿರುವ ಪುಟ್ಟ ಕಡ್ಡಿಯನ್ನು ಕೈಬೆರಳಿನಿಂದ ತಿರುಗಿಸಿ ಕೂರಿಸಿ, ಉಪಕರಣದ ಮೂತಿಯನ್ನು ತಾಗಿಸದೆ ಹತ್ತಿರ ಹಿಡಿಯುತ್ತಾರೆ. ಅಯಸ್ಕಾಂತೀಯ ಮಿಡಿತಕ್ಕೆ ಕಡ್ಡಿ ಕಂಪಿಸುತ್ತದೆ, ಒಂದು ಸಣ್ಣ ಸದ್ದಿನೊಂದಿಗೆ ಪರದೆಯ ಮೇಲೆ 1ರಿಂದ 100ರ ನಡುವಿನ ಅಂಕಿ ಬರುತ್ತದೆ. ಅದೇ ಐಎಸ್‌ಕ್ಯು. 60ಕ್ಕಿಂತ ಕಡಿಮೆ ಬಂದರೆ ಸ್ಥಿರತೆ ಕಡಿಮೆ, 60–69 ಮಧ್ಯಮ, 70 ಮತ್ತು ಮೇಲೆ ಉತ್ತಮ ಎಂದು ಓದುತ್ತಾರೆ. ಒಂದು ದಿನದ ಅಂಕಿಗಿಂತ ವಾರದಿಂದ ವಾರಕ್ಕೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದು ಮುಖ್ಯ. ಈ ಅಂಕಿ ಅಳೆಯುವುದು ಒಟ್ಟು ಬಿಗಿತನವನ್ನು, ಮೂಳೆ ಸಂಪರ್ಕದ ಶೇಕಡಾವಾರನ್ನಲ್ಲ. ಹಾಗಾಗಿ ಅಂಗಾಂಶದ ಸೀಳಿನಲ್ಲಿ ಎದ್ದು ಕಾಣುವ ಮೇಲ್ಮೈ ವ್ಯತ್ಯಾಸ ಹಲವು ಸಲ ಐಎಸ್‌ಕ್ಯುನಲ್ಲಿ ಮಸುಕಾಗುತ್ತದೆ.

ಚಿಕಿತ್ಸೆಯಲ್ಲಿ ಫಲ

ಸಂಸ್ಕರಿಸಿದ ಮೇಲ್ಮೈಯಿಂದ ರೋಗಿಗೆ ದಕ್ಕಿದ ಮೊದಲ ಲಾಭ ಕಾಯುವ ಅವಧಿಯ ಇಳಿಕೆ. ಎಸ್‌ಎಲ್‌ಎ ಇಂಪ್ಲಾಂಟಿಗೆ ಮೊದಲ ಮೂರು ವರ್ಗದ ಮೂಳೆಯಲ್ಲಿ ಆರು ವಾರಕ್ಕೆ, ನಾಲ್ಕನೆಯ ವರ್ಗದಲ್ಲಿ ಹನ್ನೆರಡು ವಾರಕ್ಕೆ ಹಲ್ಲು ಜೋಡಿಸಬಹುದೆಂದು 2002ರಲ್ಲಿ ಡೇವಿಡ್ ಕಾಕ್ರನ್ ಮತ್ತು ಸಂಗಡಿಗರು ತೋರಿಸಿದರು. ತೇವಪ್ರಿಯ ಮೇಲ್ಮೈಗಳು ಅದನ್ನು ಇನ್ನಷ್ಟು ತಗ್ಗಿಸಿವೆ. ಎರಡನೆಯ ಲಾಭ ಮೆದು ಮೂಳೆಯಲ್ಲಿ ಮತ್ತು ಗಿಡ್ಡ ಇಂಪ್ಲಾಂಟ್‌ಗಳಲ್ಲಿ ಹೆಚ್ಚಿದ ಭರವಸೆ.

ದೀರ್ಘಾವಧಿಯ ಅಂಕಿಗಳೂ ಆಶಾದಾಯಕ. 2012ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಅಧ್ಯಯನದಲ್ಲಿ 303 ರೋಗಿಗಳ 511 ಎಸ್‌ಎಲ್‌ಎ ಇಂಪ್ಲಾಂಟ್‌ಗಳಲ್ಲಿ ಶೇ. 98.8 ಉಳಿದಿದ್ದವು. ಬ್ರೋನೆಮಾರ್ಕ್ ತಂಡ 1981ರಲ್ಲಿ ಕೊಟ್ಟ ವರದಿಯಲ್ಲಿ, ಐದರಿಂದ ಒಂಬತ್ತು ವರ್ಷಗಳ ನಂತರ, ಮೇಲ್ದವಡೆಯಲ್ಲಿ ಶೇ. 81, ಕೆಳದವಡೆಯಲ್ಲಿ ಶೇ. 91 ಇಂಪ್ಲಾಂಟ್‌ಗಳು ಗಟ್ಟಿಯಾಗಿದ್ದವು. ಆದರೆ ಇವೆರಡನ್ನು ಪಕ್ಕಪಕ್ಕ ಇಟ್ಟು ಅಂತರವನ್ನೆಲ್ಲ ಮೇಲ್ಮೈಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ನಡುವಿನ ಮೂವತ್ತು ವರ್ಷಗಳಲ್ಲಿ ಶಸ್ತ್ರತಂತ್ರ, ಸ್ಕ್ಯಾನ್, ರೋಗಿಗಳ ಆಯ್ಕೆ, ಇಂಪ್ಲಾಂಟಿನ ಆಕಾರ ಎಲ್ಲವೂ ಬದಲಾಗಿವೆ.

ಒರಟಿನ ಇನ್ನೊಂದು ಮುಖ

ಮೂಳೆಕೋಶಕ್ಕೆ ಆಸರೆ ಕೊಡುವ ಗುಳಿ ಬ್ಯಾಕ್ಟೀರಿಯಾಕ್ಕೂ ಆಸರೆ. ಮೂಳೆಯೊಳಗೆ ಹುದುಗಿರುವವರೆಗೆ ಒರಟು ಮೈಯಿಂದ ತೊಂದರೆಯಿಲ್ಲ. ಒಸಡು ಮತ್ತು ಮೂಳೆ ಇಳಿದು ಅದು ಬಾಯಿಗೆ ತೆರೆದುಕೊಂಡರೆ ದಂತಪಾಚಿ ಬೇಗ ಕಟ್ಟುತ್ತದೆ, ಉಜ್ಜಿ ತೆಗೆಯುವುದು ಕಷ್ಟವಾಗುತ್ತದೆ. ಇದರಿಂದ ಇಂಪ್ಲಾಂಟಿನ ಸುತ್ತ ಉರಿಯೂತವಾಗಿ ಮೂಳೆ ಕರಗುವ ಸ್ಥಿತಿಗೆ ಪೆರಿಇಂಪ್ಲಾಂಟೈಟಿಸ್ ಎಂದು ಹೆಸರು. ನಾಯಿಗಳ ಮೇಲಿನ ಪ್ರಯೋಗಗಳಲ್ಲಿ, ಒಮ್ಮೆ ಶುರುವಾದ ಮೂಳೆ ಸವೆತ ನುಣುಪು ಮೈಗಿಂತ ಆನೋಡೀಕರಿಸಿದ ಮೈಯ ಸುತ್ತ ಹೆಚ್ಚು ಮುಂದುವರಿದದ್ದು ಕಂಡುಬಂದಿದೆ. ಪ್ಲಾಸ್ಮಾ ಎರಚಿದ ಅತಿ ಒರಟು ಮೇಲ್ಮೈಗಳು ಬಳಕೆಯಿಂದ ಹೊರಬೀಳಲು ಈ ಭಯವೂ ಒಂದು ಕಾರಣ.

ಇದಕ್ಕೆ ತಯಾರಕರು ಕಂಡುಕೊಂಡ ದಾರಿ ಒಂದೇ ಸ್ಕ್ರೂವಿಗೆ ಎರಡು ಮೈ ಕೊಡುವುದು. ಮೂಳೆಯೊಳಗೆ ಇಳಿಯುವ ಭಾಗ ಒರಟು, ಒಸಡಿಗೆ ತಾಗುವ ಕತ್ತು ನುಣುಪು. ನುಣುಪು ಕತ್ತಿನ ಅಗಲ ಎಷ್ಟಿರಬೇಕು, ಅದನ್ನು ಮೂಳೆಯ ಅಂಚಿಗಿಂತ ಎಷ್ಟು ಮೇಲೆ ನಿಲ್ಲಿಸಬೇಕು ಎನ್ನುವುದರಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ.

ಮಿತಿಗಳು

ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು 1981ರಲ್ಲೇ ಮೂಳೆಬೆಸುಗೆಗೆ ಆರು ಅಂಶಗಳನ್ನು ಪಟ್ಟಿಮಾಡಿದ್ದರು: ವಸ್ತು, ಆಕಾರ, ಮೇಲ್ಮೈ, ಮೂಳೆಯ ಸ್ಥಿತಿ, ಶಸ್ತ್ರತಂತ್ರ, ಭಾರ ಹಾಕುವ ರೀತಿ. ಮೇಲ್ಮೈ ಇವುಗಳಲ್ಲಿ ಒಂದು ಮಾತ್ರ. ಕೊರೆಯುವಾಗ ಮೂಳೆ ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅದರ ಬೆಳವಣಿಗೆಗೆ ಧಕ್ಕೆಯಾಗುತ್ತದೆ. ಅಲ್ಲಿ ಸೋತ ಮೂಳೆಯನ್ನು ಯಾವ ಮೇಲ್ಮೈಯೂ ಎಬ್ಬಿಸಲಾರದು. ತೇವಪ್ರಿಯ ಮೈಯ ಸ್ಕ್ರೂವನ್ನು ದ್ರಾವಣದಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಕಾದರೆ ಗಾಳಿಯೇ ಅದರ ಗುಣವನ್ನು ಕಳೆಯುತ್ತದೆ. ಕೂರಿಸಿದ ದಿನವೇ ಅಲುಗಾಡುವ ಇಂಪ್ಲಾಂಟಿಗೆ ಮೇಲ್ಮೈಯ ಹೆಸರಿನಿಂದ ಬಿಗಿ ಬರುವುದಿಲ್ಲ. ಗಟ್ಟಿ ಮೂಳೆಯಲ್ಲಿ ಸರಿಯಾಗಿ ಕೂರಿಸಿದ್ದಕ್ಕೆ ಎರಡು ತಿಂಗಳು ಕಾಯಲು ರೋಗಿ ಸಿದ್ಧನಿದ್ದರೆ, ಎರಡು ಒಳ್ಳೆಯ ಮೇಲ್ಮೈಗಳ ನಡುವಿನ ಅಂತರ ಬಹುಪಾಲು ಅಳಿಸಿಹೋಗಿರುತ್ತದೆ.